ಬೋರಲಿಟ್ಟ ಗ್ಲಾಸು

ಈಗೀಗ ನಮ್ಮ ಡೆಟ್ರಾಯಿಟ್‌ನ ಹೊಸ ಹೋಟೆಲುಗಳವರಿಗೆ ಹಳೇ ಫೋಟೋಗಳ ಹುಚ್ಚು ಹಿಡಿದಿದೆ. ಸಾರಾಯಿ ನಿಷೇಧದ ಕಾಲದ ಕಳ್ಳಂಗಡಿಗಳಲ್ಲಿ ತೆಗೆದ ಪ್ರಿಂಟುಗಳನ್ನು ಎಲ್ಲಿಂದಲೋ ಹುಡುಕಿ ತಂದು, ಕಟ್ಟು ಹಾಕಿಸಿ, ಗೋಡೆಗೆ ತೂಗುಬಿಡುತ್ತಾರೆ. ಹರೆಯದವರು ಅದರ ಕೆಳಗೆ ಕೂತು ಬಿಯರ್ ಹೀರುತ್ತಾ, "ಆಗಿನವರು ಏನು ಮಜಾ ಮಾಡ್ತಿದ್ರು ನೋಡು" ಎನ್ನುತ್ತಾರೆ. ಮಾಡುತ್ತಿದ್ದರು, ನಾನೇನು ಇಲ್ಲವೆನ್ನುವುದಿಲ್ಲ. ಆದರೆ ಮೊನ್ನೆ ಅಂಥದೊಂದು ಹೋಟೆಲಿನಲ್ಲಿ ಎದುರಿನ ಗೋಡೆ ನೋಡಿದ ಮೇಲೆ ನಾನು ತಟ್ಟೆ ಪಕ್ಕಕ್ಕೆ ಸರಿಸಿದೆ. ಒಂದು ಮೇಜು, ಅದರ ಸುತ್ತ ಐದು ಜನ ಗಂಡಸರು, ಹಿಂದೆ ಕಪ್ಪು ಪರದೆ. ಜೊತೆಗಿದ್ದ ತಂಗಿಯ ಮೊಮ್ಮಗಳು, "ಎಷ್ಟು ಚೆನ್ನಾಗಿದೆ ಅಲ್ವಾ ಅಜ್ಜಿ" ಎಂದಳು. ಚೆನ್ನಾಗಿರದೆ ಏನು? ಅದನ್ನು ಚೆನ್ನಾಗಿ ಮಾಡಿದವಳೇ ನಾನು. ಆ ಮೇಜಿನ ಸುತ್ತ ಕೂತಿದ್ದವರು ಆರು ಜನ.

ನನ್ನ ಹೆಸರು ಲೋಜಾ. ಹ್ಯಾಮ್‌ಟ್ರಾಮಿಕ್‌ನಲ್ಲಿ, ಪೋಲೆಂಡಿನಿಂದ ಬಂದ ನಮ್ಮ ಜನರೇ ತುಂಬಿದ್ದ ಬೀದಿಯಲ್ಲಿ, ನನ್ನ ಸೋದರಮಾವ ಟೋಬಿಯಾಶ್‌ನ ಫೋಟೋ ಸ್ಟುಡಿಯೋ ಇತ್ತು. ವಾರವಿಡೀ ಮದುವೆ, ಜ್ಞಾನಸ್ನಾನ, ಚರ್ಚಿನಲ್ಲಿ ಮಕ್ಕಳ ಮೊದಲ ಪರಮಪ್ರಸಾದದ ಫೋಟೋಗಳು. ಶನಿವಾರ ಸಂಜೆ ಮಾತ್ರ ಮಾವ ಕ್ಯಾಮೆರಾ ಹೊತ್ತು ಕುರುಡು ಹಂದಿಗೆ ಹೋಗುತ್ತಿದ್ದ. ಕಳ್ಳಂಗಡಿಗೆ ನಮ್ಮೂರಲ್ಲಿ ಇಟ್ಟ ಹೆಸರೇ ಅದು. ನಮ್ಮ ಬೀದಿಯ ಕುರುಡು ಹಂದಿಯನ್ನು ನಡೆಸುತ್ತಿದ್ದವಳು ಪೆಲಾಗಿಯಾ ಎಂಬ ವಿಧವೆ. ಮುಂದೆ ಚಪ್ಪಲಿ ರಿಪೇರಿ ಅಂಗಡಿ, ಹಿಂದೆ ಅವಳ ಅಡುಗೆಮನೆ. ಆ ಅಡುಗೆಮನೆಯಲ್ಲಿ ಎಲೆಕೋಸಿನ ವಾಸನೆಯ ನಡುವೆ ಪೊಲೀಸಿನವನೂ ಕಳ್ಳನೂ ಒಂದೇ ಬೆಂಚಿನ ಮೇಲೆ ಕೂತು ಕುಡಿಯುತ್ತಿದ್ದರು. ಮಾಡುವುದು ಕಳ್ಳ ಕೆಲಸವಾದರೂ ಮನುಷ್ಯನಿಗೆ ಅದರದ್ದೊಂದು ಫೋಟೋ ಬೇಕು. ಒಳ್ಳೆ ಕೋಟು ಹಾಕಿಕೊಂಡು, ಗ್ಲಾಸು ಎತ್ತಿ ಹಿಡಿದು, ಎದೆಯುಬ್ಬಿಸಿ ಕೂರುತ್ತಿದ್ದರು.

ಎಲ್ಲರಿಗೂ ಆ ಧೈರ್ಯ ಇರುವುದಿಲ್ಲವಲ್ಲ. ಚರ್ಚಿನ ಗಂಟೆ ಹೊಡೆಯುವವನು ಬಂದಿರುತ್ತಿದ್ದ. ಹೆಂಡತಿಗೆ ರಾತ್ರಿಪಾಳಿ ಎಂದು ಹೇಳಿ ಬಂದವನು ಇರುತ್ತಿದ್ದ. ಗುಂಪಿನಿಂದ ಎದ್ದುಹೋದರೆ ಗೆಳೆಯರು ಆಡಿಕೊಳ್ಳುತ್ತಾರೆ, ಕೂತರೆ ಮುಖ ಪ್ರಿಂಟಾಗಿ ಪೆಲಾಗಿಯಾಳ ಗೋಡೆ ಹತ್ತುತ್ತದೆ. ಅಂಥವರ ಹೆಸರು ಬರೆದಿಟ್ಟುಕೊಳ್ಳುವಂತೆಯೂ ಇರಲಿಲ್ಲ, ಚೀಟಿ ಸಿಕ್ಕರೆ ಎಲ್ಲರಿಗೂ ಕಂಟಕ. ಅದಕ್ಕೆ ಪೆಲಾಗಿಯಾ ಮತ್ತು ಮಾವ ಸೇರಿ ಒಂದು ಉಪಾಯ ಮಾಡಿದ್ದರು. ಫೋಟೋ ತೆಗೆಯುವಾಗ ತನ್ನ ಮುಂದಿನ ಗ್ಲಾಸನ್ನು ಬೋರಲಿಟ್ಟವನನ್ನು ಪ್ರಿಂಟಿನಲ್ಲಿ ಅಳಿಸಿಬಿಡುವುದು. ಇದನ್ನು ಎಲ್ಲರಿಗೂ ಸಾರುತ್ತಿರಲಿಲ್ಲ. ಯಾರಿಗೆ ಬೇಕೋ ಅವರ ಕಿವಿಯಲ್ಲಿ ಮಾತ್ರ ಪೆಲಾಗಿಯಾ ಹೇಳುತ್ತಿದ್ದಳು. ಸೋಮವಾರ ಬೆಳಿಗ್ಗೆ ನೆಗೆಟಿವ್ ಮೂಡಿದ ಗಾಜಿನ ಪ್ಲೇಟುಗಳನ್ನು ಕಿಟಕಿಯ ಬೆಳಕಿಗೆ ಹಿಡಿದು, ಬೋರಲಿದ್ದ ಗ್ಲಾಸು ಹುಡುಕಿ, ಅದರ ಹಿಂದಿದ್ದ ಮನುಷ್ಯನನ್ನು ತೆಗೆಯುವುದು ನನ್ನ ಕೆಲಸ.

ಬೆಳ್ಳನೆಯ ಗೋಡೆಯ ಮುಂದೆ ಕೂತವನನ್ನು ತೆಗೆಯುವುದಾದರೆ ಪ್ಲೇಟಿನ ಮೇಲೆ ಕೆಂಪು ಬಣ್ಣ ಬಳಿದರೆ ಸಾಕು, ಆ ಜಾಗ ಪ್ರಿಂಟಿನಲ್ಲಿ ಬೆಳ್ಳಗೆ ಬಂದು ಗೋಡೆಯೊಳಗೆ ಸೇರುತ್ತದೆ. ಆಮೇಲೆ ಮನಸ್ಸು ಬದಲಾಯಿಸಿದರೆ ಒದ್ದೆ ಹತ್ತಿಯಲ್ಲಿ ಒರೆಸಿ ಅವನನ್ನು ವಾಪಸ್ ಕರೆತರಬಹುದು. ಕಪ್ಪು ಪರದೆಯ ಮುಂದೆ ಕೂತವನಿಗೆ ಆ ಭಾಗ್ಯವಿಲ್ಲ. ಅವನನ್ನು ಸಣ್ಣ ಚಾಕುವಿನಿಂದ ಕೆರೆದು ಕೆರೆದು ಬರಿಗಾಜು ಮಾಡಬೇಕು. ಆ ಗಾಜು ಪ್ರಿಂಟಿನಲ್ಲಿ ಕಪ್ಪಾಗಿ ಬಂದು ಪರದೆಯೊಳಗೆ ಸೇರಿಹೋಗುತ್ತದೆ. ನನ್ನ ಕೈ ಬಹಳ ಸೂಕ್ಷ್ಮ ಎಂದು ಮಾವ ಊರಿಗೆಲ್ಲ ಹೇಳುತ್ತಿದ್ದ. ನನಗೂ ಆ ಜಂಬ ಇತ್ತು. ಹಾಡು ಗುನುಗುತ್ತಾ ಕೆರೆಯುತ್ತಿದ್ದೆ.

ರೊಜಾಲಿಯಾ ನಮ್ಮ ಸ್ಟುಡಿಯೋಗೆ ಬಂದದ್ದು ಈಸ್ಟರ್ ಕಳೆದ ವಾರ. ಚರ್ಚಿನ ನೆಲ ತಿಕ್ಕುವ ಹೆಂಗಸು, ಎತ್ತರದ ಆಳು, ಮೊಣಕಾಲೂರಿ ಊರಿ ನಡಿಗೆ ಓರೆಯಾಗಿತ್ತು. ಅವಳ ಒಬ್ಬನೇ ಮಗ ಫ್ಲೋರಿಯಾನ್ ಆ ಫೆಬ್ರವರಿಯಲ್ಲಿ ತೀರಿಹೋಗಿದ್ದ. ಕಾರ್ಖಾನೆಯವರು ಅವನನ್ನು ಕೆಲಸದಿಂದ ತೆಗೆದಿದ್ದರು. ನದಿ ಹೆಪ್ಪುಗಟ್ಟಿದ ಕಾಲದಲ್ಲಿ ಮಂಜಿನ ಮೇಲೆ ಕಾರು ಓಡಿಸಿ ಕೆನಡಾದ ದಡದಿಂದ ವಿಸ್ಕಿ ತರುವ ಕೆಲಸಕ್ಕೆ ಆಗ ಯಾರು ಬೇಕಾದರೂ ಸೇರಬಹುದಿತ್ತು. ಮೂರನೇ ಸಲಕ್ಕೆ ಮಂಜು ಬಿರಿಯಿತು. ಕಾರು ಏಪ್ರಿಲ್‌ನಲ್ಲಿ ಸಿಕ್ಕಿತು, ಅವನು ಸಿಗಲಿಲ್ಲ.

ಅವಳ ಜೊತೆ ಮಗನ ಗೆಳೆಯ ಯೆಂದ್ರೆಕ್ ಇದ್ದ. ಸಂತ ಆಂದ್ರೆಯನ ಹೆಸರೇ ನಮ್ಮವರ ಮುದ್ದು ಮಾತಿನಲ್ಲಿ ಯೆಂದ್ರೆಕ್, ನಮ್ಮವರು ಹುಟ್ಟಿದ ದಿನಕ್ಕಿಂತ ಹೆಸರಿನ ಸಂತನ ದಿನವನ್ನೇ ಹಬ್ಬ ಮಾಡುತ್ತಾರೆ. ಬೇರೆ ಊರಿಗೆ ಕೆಲಸ ಹುಡುಕಿ ಹೋಗಿದ್ದವನು ಹಬ್ಬಕ್ಕೆ ಬಂದಿದ್ದ. ರೊಜಾಲಿಯಾ ಚೀಲದಿಂದ ಗುರುಗಳು ಮಂತ್ರಿಸಿಕೊಟ್ಟ ನಾಲ್ಕು ಬಣ್ಣದ ಮೊಟ್ಟೆ ತೆಗೆದು ಮೇಜಿನ ಮೇಲಿಟ್ಟಳು.

"ಟೋಬಿಯಾಶ್‌ನ ಸೊಸೆ ಅಲ್ವೇನೇ ನೀನು? ತಗೋ, ಮನೇಲಿ ಎಲ್ಲಾರೂ ತಿನ್ನಿ. ನನಗೆ ನನ್ನ ಮಗನ ಫೋಟೋ ಬೇಕು."

"ಯಾವ ಫೋಟೋ ಅಮ್ಮ?"

"ಇವನ ಹೆಸರಿನ ಹಬ್ಬದ್ದು. ಹೋದ ನವೆಂಬರಲ್ಲಿ ಸಂತ ಆಂದ್ರೆಯನ ದಿನ ಆ ಚಪ್ಪಲಿ ಅಂಗಡಿ ಹಿಂದೆ ಹಬ್ಬ ಮಾಡಿದ್ರಂತಲ್ಲ. ಇವನೇ ಹೇಳ್ದ. ನನಗೆ ಗೊತ್ತೇ ಇರ್ಲಿಲ್ಲ ನೋಡು, ನನ್ನ ಫ್ಲೋರೆಕ್‌ದು ಒಂದು ಫೋಟೋ ಐತೆ ಅಂತ."

ಅವಳ ಹತ್ತಿರ ಮಗನ ಒಂದೇ ಒಂದು ಫೋಟೋ ಇತ್ತಂತೆ, ಎಂಟು ವರ್ಷದವನಿದ್ದಾಗ ಪರಮಪ್ರಸಾದ ತೆಗೆದುಕೊಂಡದ್ದು. ಹಿಂದಿನ ವರ್ಷ ಅವಳ ಗಂಡ ವಿಷ ಬೆರೆತ ಸಾರಾಯಿ ಕುಡಿದು, ಮೊದಲು ಕಣ್ಣು ಹೋಗಿ, ಮೂರನೇ ದಿನ ಪ್ರಾಣ ಹೋಗಿತ್ತು. ಅವನು ಒಬ್ಬನೇ ಹೋಗುವುದು ಬೇಡವೆಂದು ಆ ಫೋಟೋವನ್ನು ಅವಳು ಶವಪೆಟ್ಟಿಗೆಯಲ್ಲಿ ಅವನ ಕೈಗಿಟ್ಟು ಮಣ್ಣು ಮಾಡಿದ್ದಳು. ಮಗ ಹೇಗೂ ಎದುರಿಗೇ ಇದ್ದನಲ್ಲ, ಫೋಟೋ ಯಾಕೆ ಬೇಕು ಎಂದುಕೊಂಡಿದ್ದಳು.

"ಸಮಾಧಿ ಕಲ್ಲು ಕೆತ್ತೋಕೆ ಆಗ್ಲೇ ಹೇಳಿದ್ದೆ," ಎಂದಳು. "ಮುಖ ಕೂರ್ಸೋ ಗುಂಡಿಯೂ ಕೊರೆದವ್ನೆ. ದೇಹ ಅಂತೂ ಸಿಗ್ಲಿಲ್ಲ. ಕೆಳಗೆ ಏನೂ ಇಲ್ದಿದ್ರೂ ಮೇಲೆ ಮುಖ ಇದ್ರೆ, ಹೋಗಿ ಮಾತಾಡೋಕೆ ಒಂದು ಜಾಗ ಆಯ್ತದೆ."

ಕೂಸು ಹುಟ್ಟುವ ಮುಂಚೆ ಕುಲಾವಿ ಎಂದು ನಾನು ಒಳಗೇ ನಕ್ಕೆ. ದೇವರು ನನ್ನನ್ನು ಕ್ಷಮಿಸಲಿ. ನಮ್ಮವರ ಸಮಾಧಿಯ ಮೇಲೆ ಪಿಂಗಾಣಿ ಬಿಲ್ಲೆಯಲ್ಲಿ ಸತ್ತವರ ಮುಖ ಇರಲೇಬೇಕು. ಮುಖವಿಲ್ಲದ ಕಲ್ಲನ್ನು ಹಳಬರು ಮೈಲಿಗಲ್ಲು ಎಂದು ಹಂಗಿಸುತ್ತಿದ್ದರು. ನಾನು ಪೆಟ್ಟಿಗೆಯಿಂದ ಆ ದಿನದ ಪ್ರಿಂಟು ಹುಡುಕಿ ಅವಳ ಮುಂದಿಟ್ಟೆ.

ಅವಳು ಸೆರಗಿನಂತೆ ಹೊದ್ದಿದ್ದ ಶಾಲಿನ ತುದಿಯಿಂದ ಮೊದಲು ಕೈ ಒರೆಸಿಕೊಂಡಳು. ಆಮೇಲೆ ಒಬ್ಬೊಬ್ಬನ ಮುಖದ ಮೇಲೂ ಬೆರಳಿಟ್ಟು ನೋಡಿದಳು. ಐದು ಮುಖ ಮುಗಿಯಿತು. ಮತ್ತೆ ಮೊದಲಿನಿಂದ ಶುರು ಮಾಡಿದಳು.

"ಇದ್ರಲ್ಲಿ ಇಲ್ವಲ್ಲೋ."

"ಇರ್ಬೇಕು ಕಣಮ್ಮ, ನನ್ನ ಎಡಗಡೆಗೇ ಕೂತಿದ್ದ," ಎಂದು ಯೆಂದ್ರೆಕ್ ಬಗ್ಗಿ ನೋಡಿದ. ಅವನ ಎಡಗಡೆ ಕಪ್ಪು ಪರದೆ ಇತ್ತು. "ಇಲ್ಲೇ... ಇಲ್ಲಿ ಕೂತಿದ್ದ. ಇದೇನ್ ಲೋಜಾ ಇದು?"

ಗಲಾಟೆ ಕೇಳಿ ಮಾವ ಒಳಗಿನಿಂದ ಬಂದ. ಪ್ರಿಂಟು ನೋಡಿದ, ನನ್ನನ್ನು ನೋಡಿದ, ಮೆಲ್ಲಗೆ ಕೇಳಿದ, "ಬಣ್ಣವಾ, ಚಾಕುವಾ?"

"ಚಾಕು," ಎಂದೆ.

ಮಾವ ಒಳಗೆ ಹೋಗಿ ಪ್ಲೇಟು ತಂದು ಬೆಳಕಿಗೆ ಹಿಡಿದ. ಫ್ಲೋರಿಯಾನ್ ಕೂತಿದ್ದ ಜಾಗದಲ್ಲಿ ಶುದ್ಧ ಗಾಜು, ಅದರಾಚೆ ನಮ್ಮ ಬೀದಿಯ ಟ್ರಾಮು ಹೋಗುವುದು ಕಾಣುತ್ತಿತ್ತು.

ರೊಜಾಲಿಯಾಗೆ ಇದೊಂದೂ ಅರ್ಥವಾಗಿರಲಿಲ್ಲ. ಪ್ರಿಂಟನ್ನು ಓರೆಮಾಡಿ ನೋಡುತ್ತಿದ್ದಳು, ಮಗ ಮೂಲೆಯಲ್ಲೆಲ್ಲೋ ಅಡಗಿದ್ದಾನೆ ಎನ್ನುವ ಹಾಗೆ. ಅವಳ ಸಂಕಟ ನೋಡಲಾರದೆ ಯೆಂದ್ರೆಕ್ ಸಮಾಧಾನ ಹೇಳಲು ಹೊರಟ.

"ಒಂದು ಮಾತು ಹೇಳ್ತೀನಿ ಕೇಳಮ್ಮ. ಅವತ್ತು ಅವನು ಒಂದು ಹನಿ ಮುಟ್ಲಿಲ್ಲ. ನಾನೇ ಬಲವಂತ ಮಾಡಿ ಕರ್ಕೊಂಡು ಹೋಗಿದ್ದು. ಎಲ್ಲರೂ ರೇಗಿಸಿದ್ರು, 'ಪಾದ್ರಿ ಬಂದವ್ನೆ, ಪಾದ್ರಿಗೆ ಹಾಲು ತನ್ನಿ' ಅಂತ. ಜಗ್ಗಲಿಲ್ಲ. 'ಅಮ್ಮಂಗೆ ಮಾತು ಕೊಟ್ಟಿದೀನಿ' ಅಂದ. ಯಾರಾದ್ರೂ ಸುರಿದುಬಿಟ್ಟಾರು ಅಂತ ಗ್ಲಾಸು ಬೋರಲು ಹಾಕ್ಕೊಂಡು ಕೂತಿದ್ದ."

"ಬೋರಲು ಹಾಕಿದ್ನಾ?"

"ಕೊನೆವರೆಗೂ."

ರೊಜಾಲಿಯಾ ಪ್ರಿಂಟನ್ನು ಕೆಳಗಿಟ್ಟಳು. ಮುಖದ ಮೇಲೆ ಮೆಲ್ಲಗೆ ಒಂದು ಬೆಳಕು ಬಂತು. "ಅಪ್ಪ ಸತ್ತ ದಿನ ಮೇರಿಮಾತೆ ಪಟದ ಮುಂದೆ ನಿಲ್ಲಿಸಿ ಮಾತು ತಗೊಂಡಿದ್ದೆ. ಗ್ಲಾಸಿಗೆ ತುಟಿ ಹಚ್ಚಲ್ಲ ಅಂತ. ಕಾಯ್ದುಕೊಂಡ್ನಾ ನನ್ನ ರಾಜ?"

ಕುರುಡು ಹಂದಿಗೆ ಬಂದು ಕುಡಿಯದೆ ಕೂರುವವನೊಬ್ಬ ಇರುತ್ತಾನೆಂದು ನಮ್ಮ ಯಾರ ಬುದ್ಧಿಗೂ ಹೊಳೆದಿರಲಿಲ್ಲ. ಮಾವನಿಗೆ ಆಗ ತಿಳಿಯಿತು. "ಓಹೋ, ಹಾಗಾದ್ರೆ ಅದಕ್ಕೇ ಇವಳು..." ಎಂದು ಬಾಯಿ ತೆರೆದ. ನಾನು ಮೇಜಿನ ಕೆಳಗೆ ಅವನ ಪಾದವನ್ನು ಬಲವಾಗಿ ತುಳಿದೆ.

"ತಪ್ಪು ನಂದಮ್ಮ," ಎಂದೆ. "ಅವತ್ತು ಇನ್ನೊಬ್ಬನನ್ನ ಅಳಿಸ್ಬೇಕಿತ್ತು. ಗಮನ ಕೊಡದೆ ಪಕ್ಕದಲ್ಲಿದ್ದ ನಿಮ್ಮ ಮಗನ್ನ ಅಳಿಸ್ಬಿಟ್ಟೆ. ಗಾಜು ಕೆರೆದುಹೋಗಿದೆ. ಇನ್ನು ಬರಲ್ಲ."

ಅವಳು ಮೊದಲು ನಂಬಲಿಲ್ಲ. ಪ್ಲೇಟು ಕೈಗೆ ತೆಗೆದುಕೊಂಡು ಬರಿಗಾಜಿನ ಮೇಲೆ ಹೆಬ್ಬೆರಳು ಆಡಿಸಿದಳು. ಆಮೇಲೆ ನನ್ನ ಬಲಗೈ ಹಿಡಿದು, ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ನೋಡಿದಳು.

"ಇದೇ ಕೈಯಾ?"

"ಹೂಂ."

"ಒಣಗಿಹೋಗ್ಲಿ ಈ ಕೈ," ಎಂದಳು. ಕೂಗಲಿಲ್ಲ, ಬೈಯಲಿಲ್ಲ, ಪ್ರಾರ್ಥನೆ ಹೇಳುವ ದನಿಯಲ್ಲೇ ಹೇಳಿದಳು. ಅವಳು ಹೋದ ಮೇಲೆ ಮಾವ, "ಯಾಕೇ ಮೈಮೇಲೆ ಎಳ್ಕೊಂಡೆ?" ಎಂದು ರೇಗಿದ. ಇನ್ನೇನು ಹೇಳಲಿ? ನಿನಗೆ ಕೊಟ್ಟ ಮಾತು ಉಳಿಸಿಕೊಂಡದ್ದಕ್ಕೇ ನಿನ್ನ ಮಗ ಅಳಿಸಿಹೋದ ಎಂದು ತಾಯಿಯ ಮುಂದೆ ಯಾವ ಬಾಯಿಂದ ಹೇಳಲಿ?

ಹತ್ತು ದಿನ ಕಳೆದು ಅವಳು ಮತ್ತೆ ಬಂದಳು, ಒಬ್ಬಳೇ. ಕೂರಲು ಹೇಳಿದರೂ ಕೂರಲಿಲ್ಲ.

"ಕೆರೆಯುವಾಗ ನೀನು ಅವನ ಮುಖ ನೋಡಿರ್ತೀಯಲ್ಲ. ಚಿತ್ರ ಬರೆದುಕೊಡು. ಮರೆತಿದ್ರೆ ನಾನು ಹೇಳ್ತೀನಿ. ನೀನು ಕೆರೆದದ್ದು, ನೀನೇ ವಾಪಸ್ ಕೊಡು."

ನಿಜ ಹೇಳಬೇಕೆಂದರೆ ನಾನು ನೋಡಿರಲಿಲ್ಲ. ಕೆರೆಯುವವಳಿಗೆ ಮುಖ ಕಾಣುವುದಿಲ್ಲ, ಅಂಚು ಕಾಣುತ್ತದೆ. ಆದರೂ ಹೂಂ ಎಂದೆ. ಮೇ, ಜೂನ್ ಎರಡು ತಿಂಗಳು ಚರ್ಚಿನ ಕೆಲಸ ಮುಗಿಸಿ ಮಧ್ಯಾಹ್ನ ಬರುತ್ತಿದ್ದಳು. ನಾನು ಸೀಸದ ಕಡ್ಡಿ ಹಿಡಿದು ಕೂರುತ್ತಿದ್ದೆ. ಹುಬ್ಬು ಹೇಳಿದಳು, ಬರೆದೆ. ಕಿವಿ ಸ್ವಲ್ಪ ಮುಂದಕ್ಕೆ ಎಂದಳು, ಹಾಗೇ ತಿದ್ದಿದೆ. ಮೂಗಿನ ಹತ್ತಿರ ದಿನವೂ ಜಗಳ.

"ಇಷ್ಟು ದಪ್ಪ ಅಲ್ಲ ಕಣೇ. ಇದು ಅವರಪ್ಪನ ಮೂಗು."

"ನಿನ್ನೆ ನೀವೇ ಅಪ್ಪನ ಮೂಗು ಅಂದ್ರಲ್ಲಮ್ಮ."

"ಅಪ್ಪಂದೇ, ಆದ್ರೆ ಅಪ್ಪಂದಲ್ಲ. ನಗುವಾಗ ಹಿಂಗೆ ಆಗೋದು, ಹಿಂಗೆ." ತನ್ನ ಮೂಗನ್ನೇ ಒತ್ತಿ ತೋರಿಸುತ್ತಿದ್ದಳು. ನಡುನಡುವೆ ನಗೆಯೂ ಬರುತ್ತಿತ್ತು. ಒಂದು ದಿನ ಬೀಟ್‌ರೂಟ್ ಸಾರು ತಂದು, "ತಿನ್ನು, ಒಣಗಿದ ಕೈಯಿಂದ ಚಿತ್ರ ಬರಲ್ಲ" ಎಂದಳು. ಅವಳು ನನ್ನನ್ನು ಕ್ಷಮಿಸುತ್ತಿದ್ದಾಳೆ ಎಂದುಕೊಂಡು ನಾನು ಬಟ್ಟಲು ನೆಕ್ಕಿ ತಿಂದೆ.

ಜೂನ್ ಕೊನೆಯಲ್ಲಿ ನಲವತ್ತಕ್ಕೂ ಹೆಚ್ಚು ಹಾಳೆ ಆಗಿದ್ದವು. ಎಲ್ಲವನ್ನೂ ಮೇಜಿನ ಮೇಲೆ ಹರಡಿದೆವು. ಯಾವುದರಲ್ಲಾದರೂ ಅವನು ಇದ್ದಾನೇನೋ, ಆರಿಸಿ ಎಂದೆ. ಅವಳು ಬಹಳ ಹೊತ್ತು ನೋಡಿದಳು. ನೋಡನೋಡುತ್ತಾ ಮುಖ ಬಿಳಿಚಿಕೊಂಡಿತು. ಕಣ್ಣು ಮುಚ್ಚಿದಳು, ತೆರೆದಳು, ಮತ್ತೆ ಮುಚ್ಚಿದಳು.

"ಬರ್ತಿಲ್ಲ," ಎಂದಳು.

"ಏನಮ್ಮ?"

"ಕಣ್ಣು ಮುಚ್ಚಿದ್ರೆ ಮುಂಚೆ ಬರ್ತಿದ್ದ. ಈಗ ನಿನ್ನ ಚಿತ್ರಗಳು ಬರ್ತಾವೆ. ಇವನು ಬರ್ತಾನೆ, ಅಗೋ ಅವನು ಬರ್ತಾನೆ. ನನ್ನ ಫ್ಲೋರೆಕ್ ಬರ್ತಿಲ್ಲ." ಹಾಳೆಗಳನ್ನು ಎರಡೂ ಕೈಯಿಂದ ದೂರ ತಳ್ಳಿದಳು. "ಗಾಜಿನಿಂದ ಕೆರೆದೆ, ಸರಿ. ಈಗ ನನ್ನ ತಲೆಯಿಂದಾನೂ ಕೆರೀತಿದ್ದೀಯ. ನಿಲ್ಸು. ಇನ್ನು ಮೇಲೆ ಬರೀಬೇಡ."

ಅವತ್ತೇ ಎಲ್ಲ ಹಾಳೆಗಳನ್ನು ಒಲೆಗೆ ಹಾಕಿದೆ. ಅವಳು ಸ್ಟುಡಿಯೋ ಕಡೆ ಬರುವುದನ್ನು ಬಿಟ್ಟಳು. ಬೀದಿಯಲ್ಲಿ ಸಿಕ್ಕರೆ ಮಾತಾಡುತ್ತಿದ್ದಳು, ಆದರೆ ನನ್ನ ಮುಖ ನೋಡದೆ.

ಮಗನ ಮುಖ ಹೋಯಿತು, ಅವಳಿಗೆ ಉಳಿದದ್ದು ಆ ಬೋರಲು ಗ್ಲಾಸು ಒಂದೇ. ಅದನ್ನೇ ಊರಿಗೆಲ್ಲ ಹೇಳಿಕೊಂಡು ತಿರುಗಿದಳು. ಪೂಜೆ ಮುಗಿದ ಮೇಲೆ ಮೆಟ್ಟಿಲ ಮೇಲೆ, ಮಾಂಸದಂಗಡಿಯ ಸಾಲಿನಲ್ಲಿ, ಟ್ರಾಮಿಗೆ ಕಾಯುವಲ್ಲಿ. "ಎಲ್ಲಾರೂ ಕುಡೀತಿದ್ರು, ನನ್ನ ಮಗ ಬೋರಲು ಹಾಕಿ ಕೂತಿದ್ದ, ಕೇಳಿ ಬೇಕಾದ್ರೆ ಯೆಂದ್ರೆಕ್‌ನ." ಕೇಳಿದ ಗಂಡಸರಲ್ಲಿ ಒಳಗುಟ್ಟು ಗೊತ್ತಿದ್ದವರು ತಲೆ ತಗ್ಗಿಸಿ ಜಾಗ ಖಾಲಿ ಮಾಡುತ್ತಿದ್ದರು. ಅವಳು ಬಾಯಿ ತೆರೆದಾಗಲೆಲ್ಲ ನಾನು ಸುತ್ತ ನಿಂತವರ ಬಾಯಿ ನೋಡುತ್ತಿದ್ದೆ, ಯಾರಾದರೂ ಗುಟ್ಟು ಬಿಟ್ಟಾರೇನೋ ಎಂದು.

ಅಕ್ಟೋಬರ್ ಕೊನೆಯಲ್ಲಿ ಒಂದು ಬೆಳಿಗ್ಗೆ ಪೆಲಾಗಿಯಾ ಏದುಸಿರು ಬಿಡುತ್ತಾ ಬಂದಳು.

"ಲೋಜಾ, ನಾನೊಂದು ಕೆಟ್ಟ ಕೆಲ್ಸ ಮಾಡ್ಬಿಟ್ಟೆ ಕಣೇ. ಆ ರೊಜಾಲಿಯಾ ಚಪ್ಪಲಿ ಹೊಲಿಸೋಕೆ ಬಂದಿದ್ಲು. ಗ್ಲಾಸಿನ ಕಥೆ ತೆಗೆದ್ಲು. ನಾನು ಯಾವುದೋ ಯೋಚನೇಲಿದ್ದೆ, 'ಅಯ್ಯೋ, ಬೋರಲು ಹಾಕಿದ್ರೆ ಅಳಿಸ್ಬಿಡ್ತಾರಲ್ಲಮ್ಮ, ಅವನಿಗೆ ಯಾರೂ ಹೇಳ್ಲಿಲ್ವಾ' ಅಂದ್ಬಿಟ್ಟೆ."

"ಪೊಲೀಸಿನವರು ಬಾಗಿಲು ಒಡೆದ್ರೂ ಬಾಯಿ ಬಿಡದವಳು ನೀನು! ಇವಳ ಮುಂದೆ ಬಿಟ್ಟೆಯಾ?"

"ಬೈಯಿ, ಬೈಯಿ. ಅವಳು ಒಂದು ಕಾಲಿಗೆ ಚಪ್ಪಲಿ ಹಾಕ್ಕೊಂಡು, ಇನ್ನೊಂದನ್ನ ಅಲ್ಲೇ ಬಿಟ್ಟು ಹೋದ್ಲು."

ಸತ್ತವರ ಹಬ್ಬಕ್ಕೆ ಇನ್ನು ಮೂರೇ ದಿನವಿತ್ತು. ಆ ಮೂರು ದಿನ ಅವಳ ಮನೆ ಬಾಗಿಲಿಗೆ ಹೋಗುವ ಧೈರ್ಯ ನನಗೆ ಬರಲಿಲ್ಲ. ಒಂದು ಸುಳ್ಳು ಜೋಡಿಸಿಟ್ಟುಕೊಂಡೆ. ಗ್ಲಾಸು ಬೋರಲಿರಲೇ ಇಲ್ಲ, ಯೆಂದ್ರೆಕ್ ನಿಮ್ಮ ಸಮಾಧಾನಕ್ಕೆ ಹೇಳಿದ್ದು ಎಂದುಬಿಡುವುದು. ಹಬ್ಬದ ದಿನ ಮಧ್ಯಾಹ್ನ ಸೇವಂತಿಗೆಯ ಕುಂಡ ಹಿಡಿದು ಸ್ಮಶಾನಕ್ಕೆ ಹೋದೆ. ಅಲ್ಲಿ ಎಲ್ಲ ಕಲ್ಲುಗಳ ಮೇಲೂ ಮುಖಗಳಿದ್ದವು, ಎಲ್ಲ ಮುಖಗಳ ಮುಂದೂ ಮೇಣದಬತ್ತಿ. ಫ್ಲೋರಿಯಾನ್‌ನ ಕಲ್ಲಿನಲ್ಲಿ ಹೆಸರಿನ ಮೇಲೆ ಮೊಟ್ಟೆಯಾಕಾರದ ಒಂದು ಗುಂಡಿ. ರೊಜಾಲಿಯಾ ಅದರೊಳಗೆ ತುಂಬಿದ್ದ ಒಣಗಿದ ಎಲೆಯ ಚೂರುಗಳನ್ನು ಬೆರಳಿನಿಂದ ತೆಗೆಯುತ್ತಿದ್ದಳು.

"ಬಂದ್ಯಾ?" ಎಂದಳು ತಿರುಗದೆ. "ನಾನೇ ಬರ್ಬೇಕು ಅಂತಿದ್ದೆ. ಒಂದು ಮಾತು ಕೇಳ್ಬೇಕಿತ್ತು."

"ಪೆಲಾಗಿಯಾ ಏನೋ ಬಾಯಿಗೆ ಬಂದಿದ್ದು ಅಂದಿರ್ತಾಳೆ, ಅವಳ ಮಾತಿಗೇನಮ್ಮ."

"ಅವಳ ಮಾತು ಬೇಡ. ನಿನ್ನ ಮಾತು ಹೇಳು." ಈ ಸಲ ಅವಳು ನನ್ನ ಮುಖ ನೋಡಿದಳು. "ಅವನ ಗ್ಲಾಸು ಹೆಂಗಿತ್ತು?"

ಜೋಡಿಸಿಟ್ಟ ಸುಳ್ಳು ತುಟಿಯವರೆಗೆ ಬಂತು. ನೆಟ್ಟಗಿತ್ತು ಎಂದರೆ ಅವಳ ಮಗ ಕೊಟ್ಟ ಮಾತಿಗೆ ತಪ್ಪಿ ಎಲ್ಲರ ಹಾಗೆ ಕುಡಿದವನಾಗುತ್ತಾನೆ. ಬೋರಲಿತ್ತು ಎಂದರೆ ಅವನನ್ನು ಅಳಿಸಿದ್ದು ಅವಳು ತೆಗೆದುಕೊಂಡ ಮಾತೇ ಆಗುತ್ತದೆ. ಅವನ ಮುಖವನ್ನಂತೂ ಆಗಲೇ ತೆಗೆದಿದ್ದೇನೆ. ಉಳಿದಿರುವ ಒಳ್ಳೆಯತನವನ್ನೂ ಕೆರೆಯಲು ನನ್ನಿಂದ ಆಗಲಿಲ್ಲ.

"ಬೋರಲಿತ್ತಮ್ಮ," ಎಂದೆ.

"ಪೂರ್ತಿ? ಓರೆಯಾಗಿ ಅಲ್ಲ?"

"ಪೂರ್ತಿ. ಯಾರೂ ಎತ್ತದ ಹಾಗೆ ಮೇಲೆ ಎರಡು ಬೆರಳು ಇಟ್ಕೊಂಡಿದ್ದ. ಅದು ಮಾತ್ರ ನನಗೆ ಚೆನ್ನಾಗಿ ನೆನಪಿದೆ."

"ನನ್ನ ಕಂದ," ಎಂದಳು. "ಮಾತು ಅಂದ್ರೆ ಮಾತು ಅವನಿಗೆ. ಅವರಪ್ಪನ ಹಾಗಲ್ಲ." ಎರಡು ಬೆರಳನ್ನು ಹಾಗೆಯೇ ಗಾಳಿಯಲ್ಲಿ ಊರಿ ನೋಡಿದಳು, ಮಗ ಹೇಗೆ ಇಟ್ಟಿದ್ದನೆಂದು. ಒಂದು ಗಳಿಗೆ ಅವಳ ಮುಖದ ತುಂಬ ಹೆಮ್ಮೆ ಇತ್ತು. ಆಮೇಲೆ ಕಲ್ಲಿನ ಗುಂಡಿಯ ಕಡೆ ನೋಡಿದಳು.

"ಮಾತು ಕೊಡು ಅಂತ ಕೇಳಿದ್ದು ನಾನು," ಎಂದಳು. "ಅವನು ಬೇಡಮ್ಮ, ಆಣೆ ಇಲ್ದೇನೂ ನಾನು ಕುಡಿಯಲ್ಲ, ಆಣೆ ಯಾಕೆ ಅಂದ. ನಾನೇ ಬಿಡ್ಲಿಲ್ಲ. ಈ ಬಾಯಿ ಬಿಡ್ಲಿಲ್ಲ."

ಅಂಗೈಯಿಂದ ತನ್ನ ಬಾಯಿಗೆ ತಾನೇ ಹೊಡೆದುಕೊಂಡಳು. ಮೊದಲನೆಯದು ಮೆಲ್ಲಗೆ, ಆಮೇಲಿನದು ಜೋರಾಗಿ. ತುಟಿ ಒಡೆದು ರಕ್ತ ಬಂತು. ಸುತ್ತ ಮೇಣದಬತ್ತಿ ಹಚ್ಚುತ್ತಿದ್ದವರು ತಿರುಗಿ ನೋಡಿದರು. ನಾನು ಹೂವಿನ ಕುಂಡ ಬಿಸಾಡಿ ಅವಳ ಕೈ ಹಿಡಿದೆ. ವರ್ಷಗಟ್ಟಲೆ ನೆಲ ತಿಕ್ಕಿದ ಕೈ, ನನ್ನ ಎರಡೂ ಕೈ ಸೇರಿದರೂ ತಡೆಯಲಾಗಲಿಲ್ಲ. ಅದು ಮತ್ತೆ ಮತ್ತೆ ಅವಳ ಬಾಯಿಯ ಕಡೆಗೇ ಹೋಗುತ್ತಿತ್ತು.